ಶುಕ್ರವಾರದ ತೊಲೆ, ಭಾನುವಾರದ ತೊಲೆ

೨೦೨೫ನೇ ಇಸವಿ ಮೇ ತಿಂಗಳ ಇಪ್ಪತ್ತಮೂರು, ಶುಕ್ರವಾರ, ಬೆಳಿಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ದಾಸಣ್ಣನ ಗೂಡ್ಸ್ ಗಾಡಿ ಹಿಂದೂಪುರದ ಮನೆ ಮುಂದಿನಿಂದ ಕಲ್ಯಾಣದುರ್ಗದ ಕಡೆಗೆ ಹೊರಟಿತು. ಸ್ಲ್ಯಾಬು ಹಾಕುವವರಿಗೆ ಬಾಡಿಗೆಗೆ ಕೊಡುವ ಸೆಂಟ್ರಿಂಗ್ ಶೀಟು, ಛಾವಣಿಗೆ ಆನಿಸುವ ಕಬ್ಬಿಣದ ಜಾಕಿ ದಿನಾ ಹೊತ್ತು ಕಿರುಗುಟ್ಟುವ ಗಾಡಿ ಅಂದು ಖಾಲಿಯಾಗಿತ್ತು. ಸಾಮಾನೆಂದರೆ ಒಂದೇ ಒಂದು ಕಪ್ಪು ಪೆಟ್ಟಿಗೆ. ಅದನ್ನೂ ಭಾರ್ಗವಿ ಹಿಂದಕ್ಕೆ ಹಾಕಲು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡು ಅಪ್ಪನ ಪಕ್ಕದಲ್ಲಿ ಕೂತಿದ್ದಳು.

"ಹಸುಗೂಸನ್ನ ಎತ್ಕಂಡಂಗೆ ಎತ್ಕಂಡಿದ್ದೀಯಲ್ಲಮ್ಮ. ಹಿಂದಕ್ಕೆ ಹಗ್ಗ ಬಿಗಿದ್ರೆ ಆಗಲ್ವಾ?" ಎಂದ ದಾಸಣ್ಣ.

"ನಿನ್ನ ಗಾಡಿಯಾಗೆ ಜಾಕಿಗಳೇ ಸೊಟ್ಟಗಾಗ್ತಾವೆ ಕಣಪ್ಪ. ಇದು ಲೇಸರ್ ಸ್ಕ್ಯಾನರು."

"ಸರೇಲೇ. ನಿಧಾನಕ್ಕೇ ಹೊಡೀತೀನಿ."

ಸೋಮಂದೇಪಲ್ಲಿ ದಾಟುವವರೆಗೆ ಅವನು ನಿಜಕ್ಕೂ ನಿಧಾನಕ್ಕೇ ಹೊಡೆದ.

ಭಾರ್ಗವಿಗೆ ಇಪ್ಪತ್ತೇಳು ವರ್ಷ. ಐದು ವರ್ಷ ಆರ್ಕಿಟೆಕ್ಚರ್ ಓದಿ, ಆಮೇಲೆ ಎರಡು ವರ್ಷ ಡಿಜಿಟಲ್ ಆರ್ಕಿಟೆಕ್ಚರಿನಲ್ಲಿ ವಿಶೇಷ ಪದವಿ ಪಡೆದಿದ್ದಳು. ಕಟ್ಟಡವನ್ನು ಅಂಕೆಗಳನ್ನಾಗಿ ಮಾಡಿ ಕಂಪ್ಯೂಟರಿನೊಳಗೆ ನಿಲ್ಲಿಸುವುದು, ಅದು ಎಲ್ಲಿ ಬಾಗುತ್ತದೆ, ಎಲ್ಲಿ ಕಾಯುತ್ತದೆ, ಎಲ್ಲಿ ಬಿರಿಯುತ್ತದೆ ಎಂದು ಕಟ್ಟುವ ಮುಂಚೆಯೇ ಅಥವಾ ಕಟ್ಟಿ ನೂರು ವರ್ಷವಾದ ಮೇಲಾದರೂ ಲೆಕ್ಕ ಹಾಕಿ ನೋಡುವುದು ಅವಳು ಕಲಿತ ವಿದ್ಯೆ. ಇದನ್ನು ನೆಂಟರಿಗೆ ವಿವರಿಸುವ ಹೊತ್ತಿಗೆ ಅವಳಿಗೆ ಸಾಕಾಗಿಹೋಗುತ್ತಿತ್ತು. ಹಿಂದೂಪುರದಲ್ಲಿ ಬೋರ್ಡಿನ ಮೇಲೆ 'ಡಿಜಿಟಲ್ಸ್' ಎಂದಿದ್ದರೆ ಒಳಗೆ ಫ್ಲೆಕ್ಸ್ ಬ್ಯಾನರು ಅಚ್ಚು ಹಾಕುತ್ತಾರೆ ಎಂದೇ ಅರ್ಥ. "ಏಳು ವರ್ಷ ಓದಿ ಫ್ಲೆಕ್ಸ್ ಅಂಗಡಿ ಇಡ್ತಾಳಂತಾ?" ಎಂದು ಒಬ್ಬರಲ್ಲ, ಮೂವರು ದಾಸಣ್ಣನನ್ನು ಕೇಳಿದ್ದರು.

ಓದು ಮುಗಿದ ಮೇಲೆ ಅವಳು ಒಂದು ವರ್ಷಕ್ಕೂ ಮಿಕ್ಕಿ ಯಾವುದೋ ದೇಶದ ಆಸ್ಪತ್ರೆಗಳ ಪೈಪುಗಳನ್ನೂ ಫಾಲ್ಸ್ ಸೀಲಿಂಗನ್ನೂ ಕಂಪ್ಯೂಟರಿನಲ್ಲಿ ಜೋಡಿಸುವ ಕೆಲಸ ಮಾಡಿದ್ದಳು. ಆ ಜೋಡಣೆಯನ್ನು ಸಾಫ್ಟ್‌ವೇರೇ ಮಾಡಿಕೊಳ್ಳಲು ಕಲಿತ ಮೇಲೆ ಹನ್ನೆರಡು ಜನರಿದ್ದ ತಂಡ ನಾಲ್ಕಕ್ಕೆ ಇಳಿಯಿತು. ಆ ನಾಲ್ವರಲ್ಲಿ ಅವಳಿರಲಿಲ್ಲ. ಊರಿಗೆ ಬಂದಳು. ಮನೆ ಕಟ್ಟಿಸುವವರಿಗೆ ಮುಂಭಾಗದ ಬಣ್ಣಬಣ್ಣದ ತ್ರೀಡಿ ಎಲಿವೇಷನ್ ಮಾಡಿಕೊಟ್ಟಳು. ಜನ ಅದರಲ್ಲಿ ತಮ್ಮ ಮನೆಗಿಂತ ಹೆಚ್ಚಾಗಿ ಮನೆ ಮುಂದೆ ನಿಲ್ಲಿಸಿದ ಕಾರನ್ನೇ ನೋಡುತ್ತಿದ್ದರು. ಕಾರಿನ ಬಣ್ಣ ಬದಲಾಯಿಸಿ ಎಂದು ಮತ್ತೆ ಬರುತ್ತಿದ್ದರು.

ಈಗ ಅವಳ ಮುಂದೆ ಎರಡು ದಾರಿಗಳಿದ್ದವು. ಒಂದು, ಮುತ್ಯಾಲಪ್ಪನವರ ಪ್ಲಾನ್ ಆಫೀಸು. ಮುನಿಸಿಪಾಲಿಟಿಯ ಅಪ್ರೂವಲ್ಲಿಗೆ ಬೇಕಾದ ಮನೆ ನಕ್ಷೆ ಬರೆಯುವುದರಲ್ಲಿ ಊರಿಗೆಲ್ಲ ಅವರೇ ಹಿರಿಯರು. ದಾಸಣ್ಣನಿಗೆ ಬಹಳ ದಿನದ ಪರಿಚಯ. "ನಿನ್ನ ಮಗಳನ್ನ ತಗೊಳ್ತೀನಿ, ಆದ್ರೆ ಮಂಗಳವಾರದೊಳಗೆ ಹೂಂ ಅನ್ಬೇಕು, ಇಲ್ಲದಿದ್ರೆ ಬೇರೆ ಹುಡುಗನ್ನ ಕೂರಿಸ್ತೀನಿ" ಎಂದಿದ್ದರು. ಇನ್ನೊಂದು, ಹೈದರಾಬಾದಿನ ಒಂದು ಸಂಸ್ಥೆ. ಮಳೆ ಕಡಿಮೆ ಬೀಳುವ ಸೀಮೆಯ ಮಣ್ಣಿನ ಮಾಳಿಗೆಯ ಮನೆಗಳು ಕಾಣೆಯಾಗುವ ಮುಂಚೆ ಅವುಗಳನ್ನು ಅಳೆದು ಇಡುವುದು ಅದರ ಕೆಲಸ. ಮೂರು ವರ್ಷಕ್ಕೆ ಮೂರು ಜನ ಬೇಕಾಗಿದ್ದರು. ಒಂಬತ್ತು ಜನರನ್ನು ಆರಿಸಿ, ಒಬ್ಬೊಬ್ಬರಿಗೂ ಒಂದೊಂದು ವಾರಕ್ಕೆ ಸ್ಕ್ಯಾನರ್ ಕೊಟ್ಟು, ತಮಗೆ ಗೊತ್ತಿರುವ ಒಂದು ಮನೆಯ ಪೂರ್ಣ ಮಾದರಿ ಮಾಡಿ ಕಳಿಸಿ ಎಂದಿದ್ದರು. ಭಾರ್ಗವಿಯ ಗಡುವು ಸೋಮವಾರ ಸಂಜೆ ಆರು. ತಂಡದ ಮುಖ್ಯಸ್ಥೆ ಶಿರೀಷಾ ಫೋನಿನಲ್ಲಿ ತೆಲುಗಿನಲ್ಲಿ ನೇರವಾಗಿ ಹೇಳಿದ್ದಳು: "ಅರ್ಧ ಮಾದರಿ ಕಳಿಸಬೇಡಿ. ಅರ್ಧ ಕಳಿಸಿದವರದ್ದನ್ನು ನಾವು ತೆರೆದೂ ನೋಡುವುದಿಲ್ಲ."

ಭಾರ್ಗವಿಗೆ ಗೊತ್ತಿದ್ದ ಮಾಳಿಗೆ ಮನೆಯೆಂದರೆ ಕಲ್ಯಾಣದುರ್ಗದ ಹಳೇ ಬೀದಿಯಲ್ಲಿದ್ದ ಸೋದರತ್ತೆ ಲಕ್ಷ್ಮಕ್ಕನ ಮನೆ. ದಾಸಣ್ಣನ ಅಕ್ಕ ಲಕ್ಷ್ಮಕ್ಕ ಮದುವೆಯಾಗಿ ಬಂದಾಗಲೇ ಆ ಮನೆ ಹಳೆಯದಾಗಿತ್ತಂತೆ. ಕಲ್ಲು ಗೋಡೆ, ನಡುಮನೆಗೆ ಅಡ್ಡಲಾಗಿ ಒಂದು ದಪ್ಪ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತೆಗಳು, ಜಂತೆಗಳ ಮೇಲೆ ಚಪ್ಪಡಿ ಚೂರು, ಅದರ ಮೇಲೆ ಮಣ್ಣು. ಲಕ್ಷ್ಮಕ್ಕನ ಮಗ ಈಶ್ವರ್ ಸುತ್ತಲಿನ ಗುಡ್ಡಗಳ ಗಾಳಿಯಂತ್ರಗಳಲ್ಲಿ ಟೆಕ್ನಿಷಿಯನ್. ಅವನ ಹೆಂಡತಿ ಸುಷ್ಮಾ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು.

ಅವರು ತಲುಪುವಾಗ ಬಿಸಿಲೇರಿತ್ತು. ಪೆಟ್ಟಿಗೆಯಿಂದ ಹೊರಬಂದ ಯಂತ್ರವನ್ನು ಮೂರು ಕಾಲಿನ ಮೇಲೆ ನಿಲ್ಲಿಸಿದಾಗ ಮನೆಯವರೆಲ್ಲ ಸುತ್ತ ನಿಂತರು. ಅದು ಗರಗರ ತಿರುಗತೊಡಗಿತು.

"ಇದೇನೇ ಭಾರ್ಗವಿ, ಮಿಕ್ಸಿ ಇದ್ದಂಗೈತೆ," ಎಂದಳು ಸುಷ್ಮಾ.

"ಇದು ಸುತ್ತಲೂ ಬೆಳಕು ಎಸೀತದೆ ಅಕ್ಕ. ಬೆಳಕು ಗೋಡೆಗೆ ಬಡಿದು ವಾಪಸ್ ಬರ್ತದಲ್ಲ, ಅದರಿಂದ ಎಷ್ಟು ದೂರ ಅಂತ ಲೆಕ್ಕ ಹಾಕ್ತದೆ. ಒಂದು ರೂಮಿಗೆ ಲಕ್ಷಾಂತರ ಚುಕ್ಕಿ."

"ಅಂಗಾದ್ರೆ ನಮ್ಮೋರ ತಲೇನೂ ಒಂದು ಸಲ ಹಿಡಿ. ಒಳಗೇನಾದ್ರೂ ಐತಾ ನೋಡಣ."

"ಖಾಲಿ ಜಾಗಾನೂ ತೋರಿಸ್ತದಾ?" ಎಂದು ಈಶ್ವರನೇ ಮುಂದೆ ಬಂದ. "ತೋರಿಸಿದ್ರೆ ಮೊದ್ಲು ಇವಳ ಬೀರು ಹಿಡಿ ಕಣಮ್ಮ. ಸೀರೆ ಇಡಕ್ಕೆ ಜಾಗಿಲ್ಲ, ಜಾಗಿಲ್ಲ ಅಂತಾಳೆ."

"ಬಾವ, ಆಚೆ ಹೋಗಿ. ನೀವು ಅಡ್ಡ ನಿಂತ್ರೆ ನೀವೂ ಗೋಡೆ ಆಗ್ತೀರ."

ಗೋಡೆಗಳಿಗೆ ಅವಳು ಕಪ್ಪು ಬಿಳುಪು ಚೌಕದ ಕಾಗದಗಳನ್ನು ಅಂಟಿಸಿದಳು. ಒಂದು ಕೋಣೆಯ ಅಳತೆಯನ್ನು ಇನ್ನೊಂದು ಕೋಣೆಯ ಅಳತೆಗೆ ಹೊಂದಿಸಲು ಅವೇ ಗುರುತು. ಮಧ್ಯಾಹ್ನದೊಳಗೆ ಒಳಭಾಗವೆಲ್ಲ ಮುಗಿಯಿತು. ಮಾಳಿಗೆ ಉಳಿಯಿತು. ಆದರೆ ದಾಸಣ್ಣ ಸಂಜೆಯೊಳಗೆ ಗೋರಂಟ್ಲಕ್ಕೆ ಶೀಟು ಇಳಿಸಬೇಕಾಗಿತ್ತು. ಅಲ್ಲಿ ಮಾರನೆಯ ದಿನ ಯಾರದೋ ಮನೆಗೆ ಸ್ಲ್ಯಾಬು.

"ಅತ್ತೆ, ಭಾನುವಾರ ಬೆಳಿಗ್ಗೆ ಬಸ್ಸಿಗೆ ಬರ್ತೀನಿ. ಮಾಳಿಗೆ ಆವಾಗ ಹಿಡೀತೀನಿ. ಈ ಕಾಗದ ಹಾಗೇ ಇರಲಿ," ಎಂದಳು.

"ಮ್ಯಾಲೂ ಹಿಡೀತೀಯಾ?" ಲಕ್ಷ್ಮಕ್ಕನ ಮುಖದಲ್ಲಿ ಸಂಕೋಚ ಕಂಡಿತು. "ಮ್ಯಾಲೆ ನೋಡಂಗಿಲ್ಲ ಕಣಮ್ಮ. ಹೋದ ಮಳೇಗೆ ಎಲ್ಲಾ ಕೊರಕಲು ಬಿದ್ಬುಟ್ಟೈತೆ."

"ಹೇಗಿದ್ರೂ ಪರವಾಗಿಲ್ಲ ಅತ್ತೆ."

ಪರವಾಗಿಲ್ಲ ಎಂದಳೇ ಹೊರತು ಮುಟ್ಟಬೇಡಿ ಎನ್ನಲಿಲ್ಲ. ಹೇಳಬೇಕೆಂದು ಅವಳಿಗೆ ತೋಚಲೂ ಇಲ್ಲ.

ಶನಿವಾರವೆಲ್ಲ ಅವಳು ಹಿಂದೂಪುರದ ಮನೆಯಲ್ಲಿ ಒಳಭಾಗದ ಅಳತೆಗಳನ್ನು ಜೋಡಿಸಿದಳು. ಕೋಣೆಗೆ ಕೋಣೆ ಕೂಡಿಕೊಂಡಿತು. ಎಲ್ಲಿಯೂ ಎರಡು ಮಿಲಿಮೀಟರಿಗಿಂತ ಹೆಚ್ಚು ತಪ್ಪಿರಲಿಲ್ಲ. ಆ ದಿನ ಅವಳು ಬಹಳ ದಿನಗಳ ಮೇಲೆ ಹಾಡು ಗುನುಗುತ್ತ ಅಡಿಗೆಮನೆಗೆ ಹೋಗಿ ತಾನೇ ಕಾಫಿ ಮಾಡಿಕೊಂಡಳು.

ಭಾನುವಾರ ಅವಳು ಬಸ್ಸಿಳಿದು ಬಂದಾಗ ಲಕ್ಷ್ಮಕ್ಕನ ಮನೆಯ ಮುಂಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಜಗಲಿಗೆ ಕೆಮ್ಮಣ್ಣು ಬಳಿದಿತ್ತು. ನಡುಮನೆಯ ಗೋಡೆಗೂ ಒಂದು ಕೈ ಸುಣ್ಣ ಬಿದ್ದಿತ್ತು. ಚೌಕದ ಕಾಗದ ಒಂದೂ ಇರಲಿಲ್ಲ.

"ಅತ್ತೆ, ಕಾಗದ?"

"ಎಲ್ಲೂ ಹೋಗಿಲ್ಲ ಕಣಮ್ಮ!" ಲಕ್ಷ್ಮಕ್ಕ ದೇವರ ಗೂಡಿನಿಂದ ಒಂದು ಕಟ್ಟು ತಂದು ಕೈಗಿತ್ತಳು. "ಒಂದೂ ಹರಿಯದಂಗೆ ಬಿಡಿಸಿ ಮಡಗಿದೀನಿ. ಹೈದರಾಬಾದಿನೋರು ನೋಡ್ತಾರೆ ಅಂದ್ಯಲ್ಲ. ಸುಣ್ಣ ಕಾಣದ ಮನೇನ ಹಂಗೇ ತೋರಿಸಕ್ಕಾಗ್ತದಾ? ಫೋಟೋ ಹಿಡಿಸಕ್ಕೆ ಹೋಗೋರು ತಲೆ ಬಾಚ್ಕಂಡು ಹೋಗಲ್ವಾ?"

ಸುಷ್ಮಾ ಬಾಗಿಲ ಮರೆಯಿಂದ ಕಣ್ಣಲ್ಲೇ ಹೇಳಿದಳು: ನಾನು ಬೇಡ ಅಂದೆ, ಕೇಳಲಿಲ್ಲ.

ಭಾರ್ಗವಿ ಕಟ್ಟನ್ನು ಪೆಟ್ಟಿಗೆಗೆ ಸೇರಿಸಿದಳು. ಗುರುತು ಹೋದರೂ ಗೋಡೆಗಳು ಹೋಗಿಲ್ಲವಲ್ಲ ಎಂದುಕೊಂಡಳು. ಮಾಳಿಗೆ ಹತ್ತಿದಳು. ಮೇಲೆ ಒಂದು ಕೊರಕಲೂ ಇರಲಿಲ್ಲ. ಬೂದುಬಿಳುಪಿನ ನೆಲ ತಟ್ಟಿದ ರೊಟ್ಟಿಯಷ್ಟು ನುಣ್ಣಗಿತ್ತು, ಇನ್ನೂ ತಂಪಾಗಿತ್ತು. ಗುಡಿಸಿ, ನೀರು ಚಿಮುಕಿಸಿ, ಸಮ ಮಾಡಿದ್ದಾರೆ ಎಂದು ಬಗೆದು ಅಳತೆ ಹಿಡಿದಳು. ಮೇಲಿನದ್ದನ್ನು ಒಳಗಿನದಕ್ಕೆ ಹೊಂದಿಸಲು ಇದ್ದ ದಾರಿ ನಡುಮನೆಯ ಬೆಳಕಿಂಡಿಯೊಂದೇ. ಆದ್ದರಿಂದ ಕೆಳಗಿಳಿದು ನಡುಮನೆಯನ್ನು ಇನ್ನೊಂದು ಸಲ ಪೂರ್ತಿ ಹಿಡಿದಳು. ಊಟ ಮಾಡಿಸದೆ ಅತ್ತೆ ಬಿಡಲಿಲ್ಲ. ಬಸ್ಸು ಹಿಡಿದು ಸಂಜೆಯ ಹೊತ್ತಿಗೆ ಮನೆ ಸೇರಿದಳು.

ಕಂಪ್ಯೂಟರಿನಲ್ಲಿ ಭಾನುವಾರದ ನಡುಮನೆಯನ್ನು ಶುಕ್ರವಾರದ ನಡುಮನೆಯ ಮೇಲೆ ಇಟ್ಟಾಗ ಅದು ಕೂರಲಿಲ್ಲ.

ಮೊದಲು ಯಂತ್ರವೇ ತಪ್ಪಿದೆ ಎಂದುಕೊಂಡಳು. ಬಸ್ಸಿನಲ್ಲಿ ಕುಲುಕಿರಬಹುದು. ಆದರೆ ಯಂತ್ರ ತಪ್ಪಿದ್ದರೆ ಇಡೀ ಕೋಣೆ ಒಂದು ಕಡೆಗೆ ಸರಿಯಬೇಕು, ಇಲ್ಲವೇ ವಾಲಬೇಕು. ಇಲ್ಲಿ ನೆಲ ನೆಲದ ಮೇಲೆ ಕೂತಿತ್ತು. ನಾಲ್ಕು ಗೋಡೆಗಳೂ ಸುಣ್ಣದ ಒಂದು ಪದರ ಬಿಟ್ಟರೆ ಕೂತಿದ್ದವು. ಕೂರದೆ ಉಳಿದದ್ದು ಮೇಲ್ಛಾವಣಿ ಮಾತ್ರ. ಅದೂ ಗೋಡೆಯ ಅಂಚಿನಲ್ಲಿ ಸೊನ್ನೆ, ಒಳಗೆ ಬಂದಂತೆಲ್ಲ ಹೆಚ್ಚು, ತೊಲೆಯ ನಟ್ಟನಡುವೆ ಹದಿಮೂರು ಮಿಲಿಮೀಟರ್. ತಪ್ಪಿಗೆ ಅಷ್ಟು ಚಂದದ ಆಕಾರ ಇರುವುದಿಲ್ಲ. ಎರಡು ದಿನದಲ್ಲಿ ತೊಲೆ ಬಾಗಿತ್ತು.

ಅವಳು ಫೋನು ಮಾಡಿದಳು.

"ಅತ್ತೆ, ಮಾಳಿಗೆ ಮ್ಯಾಲೆ ಏನು ಮಾಡಿದ್ರಿ?"

"ಏನ್ಮಾಡಣ? ವರ್ಷಾ ವರ್ಷಾ ಮಾಡೋದೇ. ನೀರು ಇಳೀದಂಗೆ ಚೌಳುಮಣ್ಣು ಹಾಕಿಸ್ದೆ. ಮಳೆಗೆ ಮುಂಚೆ ಹೆಂಗಿದ್ರೂ ಹಾಕ್ಬೇಕಿತ್ತು. ನೀನು ಬತ್ತೀಯ ಅಂತ ನಿನ್ನೆನೇ ಹಾಕಿಸ್ಬುಟ್ಟೆ."

"ಎಷ್ಟು ಹಾಕಿಸಿದ್ರಿ?"

"ಬೇರೆ ವರ್ಷ ಒಂದು ಟ್ರಾಲಿ ಸಾಕಾಗ್ತಿತ್ತು. ಈ ಸಲ ಒಂದೂವರೆ. ಕೊರಕಲೆಲ್ಲಾ ಮುಚ್ಚಿ, ನೀರು ಚಿಮುಕಿಸಿ ಬಡಿಸ್ದೆ. ಫೋಟೋದಾಗೆ ಹೆಂಗ್ ಬಂದೈತೆ, ಚಂದಾಗೈತಾ?"

"ಚೆನ್ನಾಗಿದೆ ಅತ್ತೆ," ಎಂದಳು ಭಾರ್ಗವಿ. ಮತ್ತೆ ಹೇಳಿದಳು, "ಇವತ್ತು ನಡುಮನೇಲಿ ಯಾರೂ ಮಲಗಬೇಡಿ. ಜಗಲೀಲೇ ಮಲಗಿ."

"ಯಾಕೇ?"

"ಸೆಕೆ ಅಲ್ವಾ."

ಫೋನಿಟ್ಟ ಮೇಲೆ ಅವಳು ಮಾಳಿಗೆಯ ದಪ್ಪ ಅಳೆದಳು. ಕೆಳಗಿನ ಜಂತೆಯಿಂದ ಮೇಲಿನ ಮಣ್ಣಿನವರೆಗೆ ಮೊಳಕ್ಕಿಂತ ಹೆಚ್ಚಿತ್ತು. ಕಾರಣ ಸರಳ. ಮಳೆ ಒಂದು ವರ್ಷದಲ್ಲಿ ಎಷ್ಟು ಮಣ್ಣು ಕೊಚ್ಚಿಕೊಂಡು ಹೋಗುತ್ತದೋ ಅದಕ್ಕಿಂತ ಒಂದಿಷ್ಟು ಹೆಚ್ಚನ್ನು ಮನೆಯವರು ಪ್ರೀತಿಯಿಂದ ಹಾಕುತ್ತ ಬಂದಿದ್ದರು. ಆ ಒಂದಿಷ್ಟು ಎರಡು ಮೂರು ತಲೆಮಾರಿನಿಂದ ಮೇಲೆ ಕೂತಿತ್ತು. ಇಷ್ಟು ದಿನ ತಡೆದ ತೊಲೆ ಈ ಬಾರಿಯ ಒದ್ದೆ ಮಣ್ಣಿಗೆ ಜಗ್ಗಿತ್ತು. ಮುಂದಿನ ವಾರ ಮಳೆಯ ಮುನ್ಸೂಚನೆ ಬೇರೆ ಇತ್ತು.

ಮಾದರಿಯ ಮಟ್ಟಿಗೆ ಇದೆಲ್ಲ ಬೇಕಾಗಿಯೇ ಇರಲಿಲ್ಲ. ಭಾನುವಾರದ ನಡುಮನೆಯನ್ನು ಅಳಿಸಿಹಾಕಿ, ಶುಕ್ರವಾರದ ಒಳಭಾಗಕ್ಕೆ ಭಾನುವಾರದ ಮಾಳಿಗೆಯನ್ನು ಕೂಡಿಸಿದರೆ ಮನೆ ಪೂರ್ತಿಯಾಗುತ್ತಿತ್ತು. ಹದಿಮೂರು ಮಿಲಿಮೀಟರ್ ಮಣ್ಣಿನೊಳಗೆ ಕರಗಿಹೋಗುತ್ತಿತ್ತು. ಹೈದರಾಬಾದಿನಲ್ಲಿ ಕೂತವರಿಗೆ ಯಾವ ಜನ್ಮಕ್ಕೂ ಗೊತ್ತಾಗುತ್ತಿರಲಿಲ್ಲ. ಚುಕ್ಕಿಗಳನ್ನು ಸೋಸಲು ಕಂಪ್ಯೂಟರಿಗೆ ರಾತ್ರಿಯೆಲ್ಲ ಬೇಕು; ಆಮೇಲೆ ಅವುಗಳ ಮೇಲೆ ಗೋಡೆ, ಜಂತೆ ಎಳೆಯುವುದು ಎಂಟೊಂಬತ್ತು ಗಂಟೆಯ ಕೆಲಸ. ಸೋಮವಾರ ಬೆಳಿಗ್ಗೆ ಕೂತರೆ ಗಡುವಿಗೆ ಸರಿಯಾಗುತ್ತಿತ್ತು.

ಊಟಕ್ಕೆ ಕೂತಾಗ ಅವಳು ಅಪ್ಪನಿಗೆ ಹೇಳಿದಳು. ದಾಸಣ್ಣ ಅನ್ನ ಕಲಸುವುದನ್ನು ನಿಲ್ಲಿಸಿದ.

"ಬೀಳ್ತದಾ?"

"ಗೊತ್ತಿಲ್ಲಪ್ಪ. ಬೀಳದೇನೂ ಇರಬಹುದು. ಒಣಗಿದ್ರೆ ಭಾರ ಸ್ವಲ್ಪ ಕಮ್ಮಿಯಾಗ್ತದೆ. ಮಳೆ ಬಂದ್ರೆ ಹೆಚ್ಚಾಗ್ತದೆ. ಆ ತೊಲೆ ಒಳಗೆ ಹೆಂಗಿದೆಯೋ ಯಾರೂ ನೋಡಿಲ್ಲ. ಮೊದ್ಲು ಜಾಕಿ ಕೊಡಬೇಕು, ಆಮೇಲೆ ಮಣ್ಣು ಇಳಿಸಬೇಕು."

"ಅಕ್ಕ ಒಪ್ಪಲ್ಲ. ಮಾಳಿಗೆ ಮಣ್ಣು ಇಳಿಸೋದು ಮನೆ ಕೆಡವೋ ದಿನ. ಬದುಕಿ ಬಾಳೋ ಮನೇಲಿ ಯಾರೂ ಇಳಿಸಲ್ಲ." ಒಂದು ತುತ್ತು ನುಂಗಿ ಮತ್ತೆ ಅಂದ, "ನಾಳೆ ಜಾಕಿ ಹಾಕ್ಕಂಡು ನಾನೊಬ್ನೇ ಹೋಯ್ತೀನಿ. ನೀನು ನಿನ್ನ ಕೆಲ್ಸ ನೋಡ್ಕ. ಏಳು ವರ್ಷ ಓದಿದ್ದು ಇದಕ್ಕೇ ತಾನೇ."

ಭಾರ್ಗವಿಗೆ ಅಪ್ಪ ಗೊತ್ತಿದ್ದ. ಅಕ್ಕನ ಮುಂದೆ ಅವನು ಎರಡು ಮಾತು ಆಡುತ್ತಾನೆ, ಅಕ್ಕ ನಾಲ್ಕು ಆಡುತ್ತಾಳೆ, ಕಾಫಿ ಕುಡಿದು ಜಾಕಿ ಹೊತ್ತುಕೊಂಡು ಹಿಂದಕ್ಕೆ ಬರುತ್ತಾನೆ. ಯಾವ ಜಾಗಕ್ಕೆ ಜಾಕಿ ಕೊಡಬೇಕು, ಎಷ್ಟು ಬಿಗಿಯಬೇಕು ಎನ್ನುವುದನ್ನೂ ಅವಳೇ ನೋಡಬೇಕು; ಹೆಚ್ಚು ಬಿಗಿದರೆ ಜಂತೆ ಮೇಲಕ್ಕೆದ್ದು ಬೇರೆ ಕಡೆ ಬಿರಿಯುತ್ತದೆ.

"ಇಬ್ರೂ ಹೋಗಣ," ಎಂದಳು.

"ಆರು ಗಂಟೆಗೆ ಕಳಿಸ್ಬೇಕು ಅಂದ್ಯಲ್ಲ?"

"ಇರೋದನ್ನ ಕಳಿಸ್ತೀನಿ."

"ಅರ್ಧ ಕಳಿಸಿದ್ರೆ ನೋಡಲ್ಲ ಅಂದ್ರಂತೆ?"

"ಹೂಂ. ನೋಡಲ್ಲ."

ಸೋಮವಾರ ಗಾಡಿಯ ಬೆನ್ನು ತುಂಬಿತ್ತು. ಜಾಕಿಗಳು ಪೆನುಕೊಂಡದ ಪ್ರತಿ ರಸ್ತೆಯುಬ್ಬಿಗೂ ಗಣಗಣ ಎಂದವು. ಭಾರ್ಗವಿ ತೊಡೆಯ ಮೇಲೆ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡಲು ನೋಡಿದಳು. ಕಂಬದೂರು ಬರುವ ಹೊತ್ತಿಗೆ ತಲೆ ಸುತ್ತಿ ಅದನ್ನು ಮುಚ್ಚಿದಳು.

ಲಕ್ಷ್ಮಕ್ಕ ಜಾಕಿಗಳನ್ನು ಕಂಡು ಹೊಸ್ತಿಲಲ್ಲೇ ನಿಂತಳು.

"ಇದೇನ್ಲಾ ದಾಸ, ನನ್ನ ಮನೆಯಾಗೆ ಸ್ಲ್ಯಾಬ್ ಹಾಕಕ್ಕೆ ಬಂದ್ಯಾ?"

ದಾಸಣ್ಣ ಮಗಳ ಕಡೆ ನೋಡಿದ. ಭಾರ್ಗವಿ ವಿಷಯ ಹೇಳಿದಳು. ಲ್ಯಾಪ್‌ಟಾಪ್ ತೆರೆದು ಚಿತ್ರ ತೋರಿಸಿದಳು. ಕದಲದೆ ಇದ್ದ ಜಾಗಕ್ಕೆ ಹಸಿರು, ಇಳಿದ ಜಾಗಕ್ಕೆ ಹಳದಿ, ಹೆಚ್ಚು ಇಳಿದ ಜಾಗಕ್ಕೆ ಕೆಂಪು. ನಡುಮನೆಯ ಮಧ್ಯೆ ದೊಡ್ಡ ಕೆಂಪು ಮಚ್ಚೆ ಇತ್ತು.

"ಕಂಪ್ಯೂಟರ್‌ನಾಗೆ ಯಾವ ಬಣ್ಣ ಬೇಕಾದ್ರೂ ಹಚ್ಬೋದು ಕಣಮ್ಮ," ಎಂದಳು ಲಕ್ಷ್ಮಕ್ಕ. "ಕಾರಿಗೆ ದಿನಕ್ಕೊಂದು ಬಣ್ಣ ಹಚ್ತೀಯ ಅಂತ ನಿಮ್ಮಪ್ಪನೇ ಹೇಳ್ತಿದ್ದ."

ಅದು ನಿಜವೇ ಆಗಿತ್ತು.

"ನಾನು ಬಂದಾಗಿಂದ ನೋಡ್ತಿದೀನಿ. ಈ ತೊಲೆ ಎಂಥೆಂಥಾ ಮಳೆ ಕಂಡೈತೆ. ನಮ್ಮತ್ತೆ ಕಾಲದಾಗೂ ಮಣ್ಣು ಹಾಕ್ತಿದ್ರು, ನಾನೂ ಹಾಕ್ತೀನಿ, ಸುಷ್ಮಾನೂ ಹಾಕ್ತಾಳೆ. ಇಳಿಸೋ ಮಾತು ಆಡಬ್ಯಾಡ. ಪಕ್ಕದ ಪೋಲಮ್ಮ ಕೇಳಿಸ್ಕಂಡ್ರೆ, ಲಕ್ಷ್ಮಕ್ಕನ ಮನೆ ಕೆಡವ್ತಾರಂತೆ ಅಂತ ಬೀದಿಗೆಲ್ಲಾ ಸಾರ್ತಾಳೆ."

"ಅತ್ತೆ, ನಾನು ಹಾಕಲ್ಲ," ಎಂದಳು ಸುಷ್ಮಾ ಮೆಲ್ಲಗೆ. "ನಂಗೆ ಆ ಮ್ಯಾಲಿನ ಭಾರ ನೆನೆಸ್ಕಂಡ್ರೇ ಭಯ."

"ನಿನ್ನನ್ನ ಯಾರು ಕೇಳಿದ್ರು?"

ಈಶ್ವರ್ ತಲೆ ಕೆರೆದುಕೊಂಡ. "ಅವ್ವಾ, ಗುಡ್ಡದ ಮ್ಯಾಲಿನ ನಮ್ಮ ಫ್ಯಾನಿನ ಶಾಫ್ಟು ಇಷ್ಟು ಬಾಗಿದ್ರೆ ಮಿಷನ್ನು ನಿಲ್ಲಿಸ್ಬುಡ್ತಾರೆ."

"ನಿನ್ನ ಫ್ಯಾನು ನಿನ್ನೆ ಮೊನ್ನೇದು."

ಮಾತು ಹೀಗೇ ಮೂರು ಸುತ್ತು ಬಂತು. ಗೋಡೆಯ ಗಡಿಯಾರ ಎರಡೂವರೆ ದಾಟಿತು. ಭಾರ್ಗವಿ ಅದನ್ನು ನೋಡಿದ್ದನ್ನು ಲಕ್ಷ್ಮಕ್ಕ ನೋಡಿದಳು.

"ಹೊರಡಕ್ಕೆ ಹೊತ್ತಾಯ್ತಾ?"

"ಹೊರಡಕ್ಕಲ್ಲ ಅಕ್ಕ," ಎಂದ ದಾಸಣ್ಣ. ಆ ದಿನ ಅವನು ಅಕ್ಕನ ಮುಂದೆ ಉದ್ದಕ್ಕೆ ಆಡಿದ ಮಾತು ಅದೊಂದೇ. "ಹೈದರಾಬಾದಿನೋರ ಕೆಲ್ಸ ಇವತ್ತು ಆರು ಗಂಟೆಗೆ ಮುಗೀಬೇಕು. ಪೂರ್ತಿ ಕಳಿಸಿದ್ರೆ ಮೂರು ವರ್ಷ ನೌಕರಿ. ಈ ಮನೇದು ಅರ್ಧ ಆಗೈತೆ. ಮನೇಲಿ ಕುಂತು ಮಾಡ್ಕಳಮ್ಮ ಅಂದೆ. ಕೇಳ್ಲಿಲ್ಲ. ಅದನ್ನ ಬಿಟ್ಟು ಇಲ್ಲಿ ನಿನ್ನ ಹತ್ರ ಬೈಸ್ಕಂತಾ ಕುಂತವಳೆ."

ಲಕ್ಷ್ಮಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನಡುಮನೆಗೆ ಹೋಗಿ ತೊಲೆಯ ಕೆಳಗೆ ನಿಂತು ಕತ್ತೆತ್ತಿದಳು. ಬರಿಗಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ನಂಗೇನೂ ಕಾಣಲ್ಲ," ಎಂದಳು. "ನಿಜವಾಗಿ ಇಳಿದೈತಾ?"

"ಇಳಿದಿದೆ ಅತ್ತೆ."

"ಬೀಳ್ತದೆ ಅಂತೀಯಾ?"

"ಬೀಳ್ತದೆ ಅಂತ ಹೇಳಕ್ಕೆ ನಂಗೆ ಬರಲ್ಲ. ಇಳಿದಿದೆ ಅಂತ ಹೇಳಕ್ಕೆ ಬರ್ತದೆ."

ಲಕ್ಷ್ಮಕ್ಕ ಇನ್ನೊಂದು ಸಲ ಮೇಲೆ ನೋಡಿದಳು. "ಈಶ್ವರ, ಗುದ್ದಲಿ ತಗಾ. ಪೋಲಮ್ಮ ಕೇಳಿದ್ರೆ ಇಳಿಸ್ತಿದೀವಿ ಅನ್ನಬ್ಯಾಡ. ಕಲ್ಲು ಸೇರ್ಕಂಡೈತೆ, ಜರಡಿ ಹಿಡಿದು ಮತ್ತೆ ಹಾಕ್ತೀವಿ ಅನ್ನು. ಬರೀ ಮೈ ಮಾಡಬ್ಯಾಡ, ಅಡಿ ಪದರ ಹಂಗೇ ಇರ್ಲಿ."

ಮೊದಲು ಜಾಕಿ ನಿಂತವು. ಭಾರ್ಗವಿ ತೋರಿಸಿದ ಎರಡು ಕಡೆ ದಾಸಣ್ಣ ಹಲಗೆ ಕೊಟ್ಟು, ತಿರುಪು ಕೈಗೆ ಬಿಗಿ ಹತ್ತುವವರೆಗೆ ಮಾತ್ರ ತಿರುಗಿಸಿದ. ಆಮೇಲೆ ಈಶ್ವರ್ ಮತ್ತು ಅವನು ಬೀದಿಯಿಂದ ಕರೆತಂದ ಇಬ್ಬರು ಆಳುಗಳು ಗೋಡೆಯ ಕಡೆಯಿಂದಲ್ಲದೆ ನಡುವಿನಿಂದ ಮಣ್ಣು ತೆಗೆಯತೊಡಗಿದರು. ಪೋಲಮ್ಮ ತನ್ನ ಮಾಳಿಗೆಯ ಮೇಲೆ ನಿಂತು, "ಏಮಿ ಲಕ್ಷ್ಮಕ್ಕಾ, ಮೊನ್ನೆ ಹಾಕಿ ಇವತ್ತು ತೆಗೀತಿದೀಯ?" ಎಂದಳು. ಲಕ್ಷ್ಮಕ್ಕ, "ನಿಮ್ಮನೇಗೂ ಕೊಡ್ತೀನಿ ಬಾರೇ, ಪುಟ್ಟಿ ತಗಂಬಾ," ಎಂದಳು. ಪೋಲಮ್ಮ ನಿಜಕ್ಕೂ ಬುಟ್ಟಿ ತಂದು ಎರಡು ಹೊರೆ ಒಯ್ದಳು. ಅವಳ ಮಾಳಿಗೆಗೆ ಎಷ್ಟು ಭಾರವಾಗುತ್ತದೋ ಎಂದು ಭಾರ್ಗವಿಗೆ ಆಗಲೇ ಯೋಚನೆ ಹತ್ತಿತು.

ಐದು ಗಂಟೆಗೆ ಅವಳು ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದಳು. ಮಾದರಿಯಲ್ಲಿ ಎರಡು ಕೋಣೆಗಳು ಬರೀ ಚುಕ್ಕಿಗಳಾಗಿಯೇ ಉಳಿದಿದ್ದವು. ಅವುಗಳಿಗೆ ಅವಳು ಸುಳ್ಳು ಗೋಡೆ ಎಳೆಯಲಿಲ್ಲ. ಶುಕ್ರವಾರದ ನಡುಮನೆ, ಭಾನುವಾರದ ನಡುಮನೆ ಎರಡನ್ನೂ ಬೇರೆ ಬೇರೆಯಾಗಿಯೇ ಇಟ್ಟಳು. ಜೊತೆಗೆ ಅರ್ಧ ಪುಟದ ಟಿಪ್ಪಣಿ: ಯಾವ ದಿನ ಏನಾಯಿತು, ಎಷ್ಟು ಮಣ್ಣು ಬಿತ್ತು, ಗೋಡೆ ನೆಲ ಎಷ್ಟು ಹೊಂದಿದವು, ತೊಲೆ ಎಷ್ಟು ಇಳಿಯಿತು. ಈಶ್ವರನ ಫೋನಿನ ನೆಟ್‌ವರ್ಕಿನಲ್ಲಿ ಫೈಲು ಆಮೆಯಂತೆ ತೆವಳಿತು.

"ಗಾಳಿಯಂತ್ರದ ಮ್ಯಾಲೆ ಹತ್ತಿದ್ರೆ ಫೋರ್ ಬಾರ್ ಸಿಗ್ತಾವೆ," ಎಂದ ಈಶ್ವರ್ ಮೈತುಂಬ ಮಣ್ಣಾಗಿ. "ಹತ್ತಿಸ್ಲಾ?"

ಆರಕ್ಕೆ ಸ್ವಲ್ಪ ಮುಂಚೆ ಫೈಲು ಹೋಯಿತು.

ಮಂಗಳವಾರ ಬೆಳಿಗ್ಗೆ ಅವಳು ಮುತ್ಯಾಲಪ್ಪನವರ ಆಫೀಸಿಗೆ ಹೋಗಿ ಹೂಂ ಎಂದಳು. ಬೇರೆ ದಾರಿ ಇದ್ದಂತೆ ಅವಳಿಗೆ ಕಾಣಲಿಲ್ಲ, ಅದರ ಬಗ್ಗೆ ಅಳಲೂ ಇಲ್ಲ. ಕಿಟಕಿಯ ಪಕ್ಕದ ಕುರ್ಚಿ ತೋರಿಸಿ ಅವರು ಒಂದು ಮೂವತ್ತು ನಲವತ್ತು ಸೈಟಿನ ನಕ್ಷೆ ಕೊಟ್ಟರು. ಆಗ್ನೇಯಕ್ಕೆ ಅಡಿಗೆಮನೆ, ನೈರುತ್ಯಕ್ಕೆ ಮಲಗುವ ಕೋಣೆ. ಸಂಜೆಯ ಹೊತ್ತಿಗೆ ಅವಳು ಮೂರು ನಕ್ಷೆ ಮುಗಿಸಿದ್ದಳು. "ಬೇಗ ಮಾಡ್ತೀಯಮ್ಮ," ಎಂದರು ಮುತ್ಯಾಲಪ್ಪ.

ಗುರುವಾರ ಮಧ್ಯಾಹ್ನ ಶಿರೀಷಾ ಫೋನು ಮಾಡಿದಳು.

"ಮೂರು ಜಾಗಗಳೂ ತುಂಬಿದವು. ಆಯ್ಕೆಯಾದವರ ಮಾದರಿಗಳು ಪೂರ್ತಿಯಾಗಿದ್ದವು, ನಿಮ್ಮದು ಅರ್ಧ. ಅದನ್ನು ಮೊದಲೇ ಹೇಳಿದ್ದೆ."

"ಹೌದು ಮೇಡಂ."

"ಮಾದರಿ ತೆರೆಯಲಿಲ್ಲ. ಟಿಪ್ಪಣಿ ಇ-ಮೇಲ್‌ನಲ್ಲೇ ಇತ್ತು, ಓದಿದೆ. ಹದಿಮೂರು ಅಂತ ಬರೆದಿದ್ದೀರಿ. ಅದು ಯಂತ್ರದ ತಪ್ಪಲ್ಲ ಅಂತ ಹೇಗೆ ಹೇಳ್ತೀರಿ?"

ಭಾರ್ಗವಿ ನೆಲ, ಗೋಡೆ, ಅಂಚಿನ ಸೊನ್ನೆ ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಶಿರೀಷಾ ನಡುವೆ ಎರಡು ಪ್ರಶ್ನೆ ಕೇಳಿದಳು. ಒಂದಕ್ಕೆ ಭಾರ್ಗವಿಗೆ ಉತ್ತರ ಗೊತ್ತಿರಲಿಲ್ಲ; ಗೊತ್ತಿಲ್ಲ ಎಂದಳು.

"ನಾವು ಮನೆಗಳನ್ನ ಒಂದೇ ಸಲ ಅಳೆದು ಇಡ್ತೀವಿ," ಎಂದಳು ಶಿರೀಷಾ. "ಮಣ್ಣು ಹಾಕೋ ಮುಂಚೆ ಒಂದು ಸಲ, ಹಾಕಿದ ಮೇಲೆ ಒಂದು ಸಲ ಅಳೀಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಅದಕ್ಕೆ ಹುದ್ದೆ ಅಂತ ಏನೂ ಇಲ್ಲ. ಆರು ತಿಂಗಳ ಕೆಲಸ ಕೊಡಬಲ್ಲೆ. ನಿಮ್ಮ ಸೀಮೆಯ ಹತ್ತು ಮನೆ. ಆಮೇಲೆ ಮುಂದುವರಿಯುತ್ತೆ ಅಂತ ನಾನು ಮಾತು ಕೊಡೋದಿಲ್ಲ. ಸ್ಕ್ಯಾನರ್ ವಾಪಸ್ ಕಳಿಸಬೇಡಿ, ಯೋಚನೆ ಮಾಡಿ ಹೇಳಿ."

ಯೋಚನೆ ಮಾಡಲು ಅವಳು ಒಂದು ದಿನ ತೆಗೆದುಕೊಂಡಳು. ದಾಸಣ್ಣ, "ಆರೇ ತಿಂಗಳಾ?" ಎಂದು ಕೇಳಿ, ಮತ್ತೆ ತಾನೇ, "ಜಾಕಿ ಬಾಡಿಗೆಗೆ ಹೋಗೋದೂ ಹದಿನೈದು ದಿನಕ್ಕೇ. ಆಮೇಲೆ ಮತ್ತೊಬ್ರು ಕೇಳ್ತಾರೆ," ಎಂದ. ಮುತ್ಯಾಲಪ್ಪ ಮಾತ್ರ ಮುಖ ಗಂಟಿಕ್ಕಿದರು. "ಮೂರೇ ದಿನಕ್ಕೆ ಬಿಟ್ಟುಹೋದೋರು ನನ್ನ ಆಫೀಸಿನಾಗೆ ಯಾರೂ ಇಲ್ಲಮ್ಮ. ಕುರ್ಚಿ ಕಾಯಲ್ಲ, ತಿಳ್ಕ." ಬಾಗಿಲವರೆಗೆ ಬಂದ ಮೇಲೆ ಕೇಳಿದರು, "ಅದ್ಸರಿ, ನಮ್ಮಪ್ಪನ ಮನೆ ರೊದ್ದಂ ಹತ್ರ ಐತೆ. ಅದೂ ಮಾಳಿಗೆ ಮನೇನೇ. ನಿನ್ನ ಹತ್ತರಾಗೆ ಅದನ್ನೂ ಸೇರಿಸ್ಕಂತೀಯಾ?"

ಹತ್ತರಲ್ಲಿ ಮೊದಲನೆಯದು ಲಕ್ಷ್ಮಕ್ಕನ ಮನೆ. ಜೂನ್ ಎರಡನೆಯ ವಾರದಲ್ಲಿ ಭಾರ್ಗವಿ ಅಲ್ಲಿಗೆ ಹೋದಾಗ ಎರಡು ಮಳೆಯಾಗಿತ್ತು, ಮಾಳಿಗೆ ಸೋರಿರಲಿಲ್ಲ. ಹೊಸದಾಗಿ ಹಾಕಿದ್ದ ಒಂದೂವರೆ ಟ್ರಾಲಿ ಮಣ್ಣನ್ನೂ ಅದರ ಕೆಳಗಿನ ಹಳೆಯ ಮಣ್ಣಿನಲ್ಲಿ ಒಂದು ಗೇಣನ್ನೂ ಇಳಿಸಿದ್ದರು. ಉಳಿದದ್ದರ ಮೇಲೆ ಲಕ್ಷ್ಮಕ್ಕ ತನ್ನ ಕೈಯಾರೆ ಜರಡಿ ಹಿಡಿದ ಚೌಳನ್ನು ತೆಳ್ಳಗೆ ಎರಚಿ ಬಡಿಸಿದ್ದಳು. ಜಾಕಿಗಳ ತಿರುಪನ್ನು ದಾಸಣ್ಣ ಒಂದೊಂದೇ ಸುತ್ತು ಸಡಿಲಿಸಿದ. ತೊಲೆ ಸದ್ದು ಮಾಡಲಿಲ್ಲ. ಅದನ್ನು ಒಂದು ರಾತ್ರಿ ಹಾಗೇ ಬಿಟ್ಟು, ಬೆಳಿಗ್ಗೆ ಅವಳು ಯಂತ್ರವನ್ನು ಆ ಮೊದಲ ಶುಕ್ರವಾರ ನಿಲ್ಲಿಸಿದ್ದ ಜಾಗದಲ್ಲೇ ನಿಲ್ಲಿಸಿದಳು. ಲಕ್ಷ್ಮಕ್ಕ ಹೊಸ್ತಿಲಾಚೆ ನಿಂತು ಎಲ್ಲರನ್ನೂ ಆಚೆಗೆ ತಳ್ಳಿದಳು. ಅರ್ಧ ಗಂಟೆಯ ಮೇಲೆ ಕೇಳಿದಳು:

"ಎದ್ದೈತಾ?"

ಭಾರ್ಗವಿ ಶುಕ್ರವಾರದ ಕೋಣೆಯ ಮೇಲೆ ಆ ಬೆಳಗಿನ ಕೋಣೆಯನ್ನು ಇಟ್ಟು ನೋಡಿದಳು. ಹದಿಮೂರು ಇಳಿದಿದ್ದ ತೊಲೆ ಪೂರ್ತಿ ಎದ್ದಿರಲಿಲ್ಲ. ಭಾರ ಇಳಿದ ಮೇಲೆ ತಾನಾಗಿ ಎದ್ದಿದ್ದು ಎಂಟು ಮಿಲಿಮೀಟರ್; ಇನ್ನೈದು ಬಾಗಿಯೇ ಉಳಿದಿತ್ತು.